ಕೊನೆಯ ಸೈಕಲ್‌ನ ವೇಗಕ್ಕೆ: ಕೋಥ್ರೂಡ್‌ನ ಭಾನುವಾರದ ಸವಾರಿ

ಪುಣೆಯ ಕೋಥ್ರೂಡ್‌ನಲ್ಲಿ ಮಹರ್ಷಿ ಕರ್ವೆಯವರ ಪ್ರತಿಮೆಯ ಬಳಿಯಿಂದ ಭಾನುವಾರ ಬೆಳಗ್ಗೆ ಆರಕ್ಕೆ ಹೊರಡುವ ಸೈಕಲ್ ಸವಾರಿಗೆ ಹೆಸರಿಲ್ಲ, ನೋಂದಣಿಯಿಲ್ಲ, ಶುಲ್ಕವೂ ಇಲ್ಲ. ಒಂದು ವಾಟ್ಸಾಪ್ ಗುಂಪು, ಅದರಲ್ಲಿ ಶನಿವಾರ ಸಂಜೆ ಬಂದು ಬೀಳುವ ಮಾರ್ಗದ ನಕ್ಷೆ, ಅದರ ಆಡಳಿತವೆಲ್ಲ ಇಷ್ಟೇ. ನಾನು ಇದುವರೆಗೆ ಹನ್ನೊಂದು ಸಲ ಹೋಗಿಬಂದಿದ್ದೇನೆ. ಧಾರವಾಡದಲ್ಲಿ ಶಾಲೆಗೆ ಹೋಗುವಾಗ ಸೈಕಲ್ ತುಳಿದದ್ದನ್ನು ಬಿಟ್ಟರೆ ಮೂವತ್ತು ವರ್ಷ ಪೆಡಲ್ ಮುಟ್ಟದವಳು ಅಲ್ಲಿ ನಿಭಾಯಿಸುವುದು ಹೇಗೆ ಎಂದು ಇಲ್ಲಿನ ಕನ್ನಡ ಗೆಳತಿಯರು ಮೇಲಿಂದ ಮೇಲೆ ಕೇಳುತ್ತಿರುವುದರಿಂದ ಈ ಸವಾರಿಯ ಗುಣದೋಷಗಳನ್ನು ಬರೆದಿಡುತ್ತಿದ್ದೇನೆ.

ಈ ಸವಾರಿಯ ದೊಡ್ಡ ಗುಣ ಮುಂದೆ ಹೋಗುವವರಲ್ಲಿ ಇಲ್ಲ, ಎಲ್ಲರಿಗಿಂತ ಹಿಂದೆ ಬರುವವರಲ್ಲಿದೆ. ಗುಂಪಿನ ಕೊನೆಗೆ ಸದಾ ಒಬ್ಬರು ಇರಲೇಬೇಕು, ಅವರಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ, ಮುಂದಿದ್ದವರು ಪ್ರತಿ ದೊಡ್ಡ ಚೌಕದಲ್ಲಿ ಅವರು ಕಣ್ಣಿಗೆ ಬೀಳುವವರೆಗೆ ನಿಲ್ಲಬೇಕು ಎಂಬ ಒಂದೇ ನಿಯಮದ ಮೇಲೆ ಈ ಇಪ್ಪತ್ತು ಇಪ್ಪತ್ತೈದು ಜನರ ಸವಾರಿ ನಡೆಯುತ್ತದೆ. ಇವರನ್ನು ಸ್ವೀಪರ್ ಎನ್ನುತ್ತಾರೆ. ನಾನು ಹೋದಾಗಲೆಲ್ಲ ಈ ಕೆಲಸ ವಿಜಯಪುರದ ಕಡೆಯ, ನಿವೃತ್ತರಾದ ಒಬ್ಬ ಹಿರಿಯರ ಪಾಲಿಗೇ ಬಂದಿದೆ. ಮರಾಠಿಯವರಿಗೂ ನಮಗೂ ಅವರು ಕಾಕಾ. ಮೊದಲ ದಿನ ಏದುಸಿರು ಬಿಡುತ್ತ, ಎಲ್ಲರನ್ನೂ ಕಾಯಿಸುತ್ತಿದ್ದೇನಲ್ಲ ಎಂಬ ಸಂಕೋಚದಿಂದ ಜೋರಾಗಿ ತುಳಿಯಲು ಹೊರಟಾಗ ಹಿಂದಿನಿಂದ ದನಿ ಬಂತು: "ಅವಸರ ಮಾಡಬ್ಯಾಡ ತಂಗಿ, ನಾ ಹಿಂದ ಅದೀನಿ." ಎರಡನೆಯ ವಾರ ನಾನು ಮತ್ತೆ ಹೋದದ್ದು ಆ ಒಂದು ಮಾತಿನ ಬಲದಿಂದ.

ಪಾಷಾಣ್ ಕಡೆಗೆ ಹೋದ ದಿನ ನನ್ನ ಹಿಂದಿನ ಚಕ್ರದ ಗಾಳಿ ಹೋಯಿತು. ಕಾಕಾ ಟ್ಯೂಬ್ ಹೊರಗೆಳೆದು, ಹೊಸದನ್ನು ಹಾಕುವ ಮೊದಲು ಕಿಸೆಯಿಂದ ಹಳೆಯ ಹತ್ತಿಬಟ್ಟೆಯ ತುಂಡೊಂದನ್ನು ತೆಗೆದು ಟೈರಿನ ಒಳಮೈ ಸುತ್ತಲೂ ನಿಧಾನವಾಗಿ ಸವರಿದರು. ಒಂದು ಕಡೆ ಬಟ್ಟೆಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಅಕ್ಕಿಕಾಳಿನ ಅರ್ಧದಷ್ಟಿದ್ದ ಜಾಲಿಮುಳ್ಳಿನ ತುದಿ. ಬೆರಳಿನಿಂದ ಹುಡುಕಿದರೆ ಬೆರಳಿಗೆ ಚುಚ್ಚುತ್ತದೆ, ಹುಡುಕದೆ ಬಿಟ್ಟರೆ ಹೊಸ ಟ್ಯೂಬೂ ಅರ್ಧ ಗಂಟೆಯಲ್ಲಿ ಪಂಕ್ಚರ್ ಆಗುತ್ತದೆ ಎಂದು ವಿವರಿಸುತ್ತಲೇ ಅದನ್ನು ಚಿಮಟದಿಂದ ಕಿತ್ತರು. ಅಷ್ಟು ಹೊತ್ತು ಉಳಿದವರು ಮುಂದಿನ ಚೌಕದಲ್ಲಿ ಕಾಯ್ದಿದ್ದರು. ಗೊಣಗಾಟ ಯಾರಿಂದಲೂ ಬರಲಿಲ್ಲ. ಹಣ ಕೊಟ್ಟು ಸೇರುವ ಸವಾರಿಗಳಲ್ಲೂ ಇಂಥ ಉಪಚಾರ ಸಿಗುತ್ತದೆಂದು ನನಗೆ ಅನ್ನಿಸುವುದಿಲ್ಲ.

ಮಾರ್ಗಗಳು ಮುಖ್ಯವಾಗಿ ಎರಡು. ರಾಜಾರಾಮ್ ಸೇತುವೆ ದಾಟಿ ಸಿಂಹಗಡ ರಸ್ತೆ ಹಿಡಿದು ಖಡಕ್‌ವಾಸ್ಲಾ ಅಣೆಕಟ್ಟಿನವರೆಗೆ ಹೋಗಿಬರುವುದು ಒಂದು. ಬೇಗ ಹೋಗಿ ಎಂಟರೊಳಗೆ ಮರಳಿದರೆ ಅದು ಸೊಗಸು, ತಡವಾದರೆ ಕಾಂದಾ ಭಜಿಗೆ (ಈರುಳ್ಳಿ ಬಜ್ಜಿಗೆ) ಬರುವ ಕಾರುಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ಇನ್ನೊಂದು ನಗರದೊಳಗಿನದು: ಡೆಕ್ಕನ್, ಜಂಗ್ಲಿ ಮಹಾರಾಜ್ ರಸ್ತೆ, ಔಂಧ್, ಪಾಷಾಣ್. ಹೊಸಬರು ಇದರಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಸುಸ್ತಾದರೆ ಬಿಟ್ಟುಬರುವ ದಾರಿಯಿದೆ. ಪುಣೆ ಮೆಟ್ರೊದಲ್ಲಿ ಸೈಕಲ್ ಒಯ್ಯಲು ಅವಕಾಶವಿದೆ. ಮರಳುವಾಗ ಒಮ್ಮೆ ಗೇರಿನ ಕೇಬಲ್ ಹರಿದು, ನಾನು ಡೆಕ್ಕನ್ ನಿಲ್ದಾಣದ ಲಿಫ್ಟಿನಲ್ಲಿ ಸೈಕಲ್ಲನ್ನು ಓರೆಯಾಗಿ ನಿಲ್ಲಿಸಿಕೊಂಡು ಮೇಲೆ ಹೋಗಿ, ಕರ್ವೆ ರಸ್ತೆಯ ಮೇಲಿಂದ ಸಾಗುವ ವನಾಜ್ ಕಡೆಯ ಗಾಡಿಯಲ್ಲಿ ಆರಾಮವಾಗಿ ಮನೆಗೆ ಬಂದೆ. ಬೆಳಗ್ಗೆ ಹೋಗಲು ಮಾತ್ರ ಇದು ಉಪಯೋಗಕ್ಕೆ ಬಾರದು. ಮೊದಲ ಗಾಡಿ ಹೊರಡುವುದೂ ಆರಕ್ಕೆ, ನಮ್ಮವರು ಹೊರಡುವುದೂ ಆರಕ್ಕೆ.

ನಗರದೊಳಗಿನ ಮಾರ್ಗದಲ್ಲಿ ಸೈಕಲ್ ಟ್ರ್ಯಾಕ್‌ಗಳು ಸಿಗುತ್ತವೆ, ಆದರೆ ಸವಾರಿ ಅವುಗಳ ಮೇಲೆ ಸಾಗುವುದು ಬಹಳ ಕಡಿಮೆ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ಪುಣೆಯಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಸೈಕಲ್ ಯೋಜನೆ 824 ಕಿ.ಮೀ. ಜಾಲವನ್ನು ಕಾಗದದ ಮೇಲೆ ಬರೆದಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಔಂಧ್‌ಗೂ ವಿಶ್ವವಿದ್ಯಾಲಯದ ಆವರಣಕ್ಕೂ ಬಾಡಿಗೆ ಸೈಕಲ್‌ಗಳು ಬಂದವು, ಕೆಲವೇ ವರ್ಷಗಳಲ್ಲಿ ಬಹುಪಾಲು ಕಾಣೆಯಾದವು. ಈಗ ಇರುವ ಟ್ರ್ಯಾಕ್ ತುಂಡುತುಂಡಾಗಿದೆ. ಪಾದಚಾರಿ ಮಾರ್ಗದ ಮಗ್ಗುಲಲ್ಲೇ ಇರುವುದರಿಂದ ಜನ ಅದರ ಮೇಲೆ ನಡೆಯುತ್ತಾರೆ (ಅವರ ತಪ್ಪೇನೂ ಇಲ್ಲ), ಅಂಗಡಿ ತೆರೆಯುವ ಹೊತ್ತಿಗೆ ಸ್ಕೂಟರ್‌ಗಳು ನಿಲ್ಲುತ್ತವೆ, ಅಡ್ಡರಸ್ತೆ ಬಂದಲ್ಲೆಲ್ಲ ಇಳಿದು ಹತ್ತಬೇಕಾಗುತ್ತದೆ. ಒಬ್ಬರೇ ಹೋಗುವವರಿಗೆ ಇದನ್ನು ಹೇಗೋ ಸಹಿಸಬಹುದು. ಇಪ್ಪತ್ತು ಜನರ ಗುಂಪು ಇಂಥ ಟ್ರ್ಯಾಕಿಗೆ ಏರಿದರೆ ನೂರು ಮೀಟರಿನಲ್ಲಿ ನಾಲ್ಕು ತುಂಡಾಗುತ್ತದೆ. ಆದ್ದರಿಂದ ಕಾಕಾ ಎಲ್ಲರನ್ನೂ ರಸ್ತೆಯ ಎಡ ಅಂಚಿನಲ್ಲಿಯೇ ಒಂದೇ ಸಾಲಿನಲ್ಲಿ ಕರೆದೊಯ್ಯುತ್ತಾರೆ. ಮಳೆಗಾಲದಲ್ಲಿ ನುಣ್ಣನೆಯ ಪೇವರ್ ಬ್ಲಾಕುಗಳ ಮೇಲೆ ತಿರುಗುವುದಕ್ಕಿಂತ ಡಾಂಬರೇ ವಾಸಿ ಎನ್ನುವುದನ್ನು ನಾನೂ ಒಪ್ಪುತ್ತೇನೆ.

ಇನ್ನು ದೋಷಗಳು. ಗುಂಪಿನಲ್ಲಿ ಐದಾರು ಜನ ಹುಡುಗರಿದ್ದಾರೆ, ಅವರು ನಿಯಮದಂತೆ ಚೌಕದಲ್ಲಿ ಕಾಯುತ್ತಾರೆ, ಆದರೆ ಆ ಚೌಕವನ್ನು ಮುಟ್ಟುವುದು ಕೆಂಪು ದೀಪವನ್ನು ಹಾರಿ. ಬೆಳಗ್ಗೆ ಆರೂಕಾಲಿಗೆ ಯಾರಿದ್ದಾರೆ ಎನ್ನುವುದು ಅವರ ವಾದ. ಹಾಲಿನ ಟೆಂಪೊಗಳಿದ್ದಾವೆ ಎನ್ನುವುದು ನನ್ನದು. ಹೆಲ್ಮೆಟ್ ಕಡ್ಡಾಯವೆಂದು ಸಂದೇಶದಲ್ಲಿ ಬರೆಯುತ್ತಾರೆ, ಹಾಕದೆ ಬಂದವರನ್ನು ಮಾತ್ರ ಮನೆಗೆ ಕಳಿಸಿದ್ದು ನಾನು ಕಂಡಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇದೆಯೇ ಎಂದು ಕೇಳಿದಾಗ ಬ್ಯಾಂಡೇಜಿನ ಒಂದು ಪಟ್ಟಿ ಹೊರಬಂತು. ಎಲ್ಲಕ್ಕಿಂತ ದೊಡ್ಡ ಕೊರತೆಯನ್ನು ಯಾವ ಗಂಡಸೂ ಗಮನಿಸಿದಂತಿಲ್ಲ: ಮೂರು ಗಂಟೆಯ ಮಾರ್ಗ ಗುರುತಿಸುವಾಗ ಚಹಾ ಎಲ್ಲಿ, ಫೋಟೊ ಎಲ್ಲಿ ಎಂದು ಬರೆದಿರುತ್ತದೆ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿ ಎಂದಿರುವುದಿಲ್ಲ. ನಾವು ಮೂವರು ಸೇರಿ ಎರಡೂ ಮಾರ್ಗಗಳ ಪೆಟ್ರೋಲ್ ಬಂಕುಗಳನ್ನು ಗುರುತು ಹಾಕಿ ಗುಂಪಿಗೆ ಕಳಿಸಿದ ಮೇಲೆ ಶನಿವಾರದ ನಕ್ಷೆಯಲ್ಲಿ ಅವೂ ಸೇರಿವೆ.

ಕೊನೆಯ ನಿಲುಗಡೆ ಕೆಲವೊಮ್ಮೆ ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ. ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ಆ ಹೋಟೆಲಿನಲ್ಲಿ ಇಡ್ಲಿ ಸಾಂಬಾರ್ ತಿನ್ನುವಾಗ ನಮ್ಮ ಮೇಜಿನಲ್ಲಿ ಕನ್ನಡ ತಾನಾಗಿ ಜೋರಾಗುತ್ತದೆ. ಸೈಕಲ್ ನಿಲ್ಲಿಸುವ ಜಾಗದ್ದೇ ಫಜೀತಿ. ಎರಡು ಮೂರು ಸೈಕಲ್ಲುಗಳನ್ನು ಒಂದಕ್ಕೊಂದು ಸೇರಿಸಿ ಬೀಗ ಹಾಕಿ, ಕಿಟಕಿಯ ಪಕ್ಕದಲ್ಲಿ ಕುಳಿತವರು ಸರದಿಯಂತೆ ಕಾವಲು ಕಾಯುವುದು ರೂಢಿ.

ಸೇರಬೇಕೆಂದಿದ್ದರೆ ಆರಕ್ಕೆ ಐದು ನಿಮಿಷ ಮೊದಲೇ ಬನ್ನಿ, ಅವರು ಯಾರಿಗಾಗಿಯೂ ಹೊರಡುವ ಹೊತ್ತನ್ನು ಮುಂದೂಡುವುದಿಲ್ಲ. ಗೇರಿನ ಸೈಕಲ್ಲೇ ಬೇಕೆಂದಿಲ್ಲ, ನಗರದೊಳಗಿನ ಮಾರ್ಗಕ್ಕೆ ಬ್ರೇಕು ಸರಿಯಿರುವ ಯಾವುದಾದರೂ ಸಾಕು. ಟ್ಯೂಬ್ ಮಾತ್ರ ನಿಮ್ಮದೇ ಅಳತೆಯದನ್ನು ಜೊತೆಗೆ ತನ್ನಿ: ಕಾಕಾರ ಚೀಲದಲ್ಲಿ 26 ಇಂಚಿನದೂ 700 ಸಿ ಎಂಬ ಅಳತೆಯದೂ ಇರುತ್ತವೆ, ನನ್ನದು 27.5 ಇಂಚಿನದು, ಪಾಷಾಣ್‌ನಲ್ಲಿ ಅಂದು ಕೆಲಸಕ್ಕೆ ಬಂದದ್ದು ನಾನೇ ಮನೆಯಿಂದ ಒಯ್ದಿದ್ದ ಟ್ಯೂಬ್.