ಕೈಯಿಂದ ಒತ್ತುವ ರೊಟ್ಟಿ ಮಷಿನ್: ‘ನಂಗ ಬಡಿಯಾಕ ಬರೂದಿಲ್ಲ’ ಅನ್ನುವವರ ಕೈಗೆ

ಕನ್ಯಾ ನೋಡಲು ಬಂದವರು ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಇಂದಿಗೂ ಕೇಳುವ ಮಾತು: “ಹುಡುಗಿಗೆ ರೊಟ್ಟಿ ಬಡಿಯಾಕ ಬರ್ತದೇನ್ರಿ?” ಹುಡುಗನಿಗೆ ಈ ಪರೀಕ್ಷೆ ಇಲ್ಲ. ಮದುವೆಯಾದ ಮೇಲೆ ಅವನದೂ ಒಂದು ಮಾತು ಇರುತ್ತದೆ: “ನಂಗ ಬಡಿಯಾಕ ಬರೂದಿಲ್ಲ.” ಅದು ಪೂರಾ ಸುಳ್ಳಲ್ಲ. ಜೋಳದ ರೊಟ್ಟಿ ಬಡಿಯುವುದು ನಾಲ್ಕು ದಿನದಲ್ಲಿ ಕೈಗೆ ಹತ್ತುವ ಕೆಲಸವೂ ಅಲ್ಲ. ಹಿಡಿಕೆ ಎಳೆದು ಒತ್ತುವ ರೊಟ್ಟಿ ಮಷಿನ್ ಆ ನೆವವನ್ನು ಎಷ್ಟು ತೆಗೆಯುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡೋಣ. ಡಬ್ಬದ ಮೇಲೆ ನಗುವ ಹೆಂಗಸಿನ ಚಿತ್ರವೇ ಇರುತ್ತದೆ, ಅದಿರಲಿ.

ಮೊದಲು ಒಂದು ಎಚ್ಚರಿಕೆ. ಕರೆಂಟಿನ ರೋಟಿ ಮೇಕರ್ ಬೇರೆ, ಇದು ಬೇರೆ. ಅದು ಗೋಧಿಗೆ ಮಾಡಿದ್ದು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲ, ಎಳೆದರೆ ಹಿಗ್ಗುವುದಿಲ್ಲ. ಬಿಸಿ ತಟ್ಟೆಗಳ ನಡುವೆ ಒತ್ತಿದೊಡನೆ ಉಗಿ ಎದ್ದು ಅಂಚೆಲ್ಲ ಬಿರಿಯುತ್ತದೆ. ಜೋಳಕ್ಕೆ ತಣ್ಣನೆಯ ತಟ್ಟೆಯಲ್ಲಿ ಒತ್ತಿ ಹಂಚಿಗೆ ಹಾಕುವುದೇ ಸರಿ.

ಮಷಿನ್ ಅಂದರೆ ಕೀಲಿನಿಂದ ಜೋಡಿಸಿದ ಎರಡು ತಟ್ಟೆ, ಮೇಲೊಂದು ಹಿಡಿಕೆ. ಮರದ್ದೂ ಸಿಗುತ್ತದೆ, ಅಲ್ಯೂಮಿನಿಯಂ, ಸ್ಟೀಲಿನವೂ ಸಿಗುತ್ತವೆ. ತಟ್ಟೆ 8 ಇಂಚಿಗಿಂತ ಕಿರಿದಾದರೆ ಬೇಡ. ಅಂಗಡಿಯಲ್ಲೇ ಮುಚ್ಚಿ, ಬೆಳಕಿಗೆ ಹಿಡಿದು ನೋಡಿ. ಕೀಲಿನ ಬದಿ ತಾಗಿ ಹಿಡಿಕೆಯ ಬದಿ ಬೆಳಕು ಕಂಡರೆ ರೊಟ್ಟಿ ಯಾವತ್ತೂ ಒಂದು ಕಡೆ ತೆಳು, ಒಂದು ಕಡೆ ದಪ್ಪ. ಪ್ಲೈವುಡ್ಡಿನದು ನೀರು ಕುಡಿದು ಉಬ್ಬುತ್ತದೆ. ಅದನ್ನು ತೊಳೆಯಬಾರದು, ಒದ್ದೆ ಅರಿವೆಯಿಂದ ಒರೆಸಿದರೆ ಸಾಕು.

ಮಷಿನ್ ಎಷ್ಟೇ ಚಂದ ಇದ್ದರೂ ಹಿಟ್ಟು ಕೆಟ್ಟರೆ ಮುಗಿಯಿತು. ಒಂದು ಕಿಲೋ ಬಿಳಿಜೋಳದ ಹಿಟ್ಟಿಗೆ ಸುಮಾರು 850 ಮಿ.ಲೀ. ನೀರು, 20 ರೊಟ್ಟಿ. ನೀರು ಕೊತಕೊತ ಕುದಿಯಬೇಕು. ಎಸರು ಹೊಯ್ದು ಐದು ನಿಮಿಷ ಮುಚ್ಚಿಟ್ಟು, ಬಿಸಿ ಇರುವಾಗಲೇ ನಾದಬೇಕು. ಕುದಿನೀರಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ, ರೊಟ್ಟಿ ಒಡೆಯದೆ ನಿಲ್ಲುವುದು ಆ ಅಂಟಿನ ಮೇಲೆಯೇ. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ. ಒತ್ತುವ ಹಿಟ್ಟು ಬಡಿಯುವ ಹಿಟ್ಟಿಗಿಂತ ತುಸು ಮೆತ್ತಗಿರಲಿ. ಒಮ್ಮೆಗೆ ನಾಲ್ಕೈದು ರೊಟ್ಟಿಯಷ್ಟೇ ನಾದಿಕೊಳ್ಳಿ, ಆರಿದ ಹಿಟ್ಟು ಬಿರಿಯುತ್ತದೆ.

ಇನ್ನು ಒತ್ತುವುದು. ದಪ್ಪ ಪ್ಲಾಸ್ಟಿಕ್ ಹಾಳೆ ಎರಡು ಬೇಕು. ತೊಳೆದು ಬಿಡಿಸಿದ ಹಾಲಿನ ಪಾಕೀಟು, ಅಚ್ಚಿಲ್ಲದ ಮಗ್ಗುಲು ಹಿಟ್ಟಿಗೆ ಬರುವಂತೆ, ನಡೆಯುತ್ತದೆ. ತೆಳು ಕ್ಯಾರಿಬ್ಯಾಗ್ ಬೇಡ. ಒಂದು ಹನಿ ಎಣ್ಣೆ ಸವರಿ. 90 ಗ್ರಾಂ ಉಂಡೆಯನ್ನು ನಟ್ಟನಡುವೆ ಇಡದೆ ಕೀಲಿನ ಕಡೆ ಅರ್ಧ ಇಂಚು ಸರಿಸಿ ಇಡಿ, ಒತ್ತಿದಾಗ ಹಿಟ್ಟು ಹಿಡಿಕೆಯ ಕಡೆ ಜಾರುತ್ತದೆ. ಒಮ್ಮೆ ಒತ್ತಿ, ತೆಗೆದು, ಹಾಳೆ ಸಮೇತ ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಹಗುರಾಗಿ ಒತ್ತಿ. ಮೇಲಿನ ಹಾಳೆ ಬಿಡಿಸಿ, ರೊಟ್ಟಿಯನ್ನು ಅಂಗೈಗೆ ಮಗುಚಿ, ಇನ್ನೊಂದು ಹಾಳೆಯನ್ನು ಅಂಚಿನಿಂದ ಸುಲಿಯಬೇಕು. ಹಾಳೆಯಿಂದ ರೊಟ್ಟಿಯನ್ನು ಕೀಳಲು ಹೋದರೆ ಹರಿಯುತ್ತದೆ, ಹೊಸಬರ ಮೊದಲ ಮೂರು ಹೀಗೇ ಹೋಗುತ್ತವೆ. ಹೋದರೆ ಹೋಗಲಿ, ಹಿಟ್ಟು ಮತ್ತೆ ಉಂಡೆ ಮಾಡಬಹುದು.

ಸಿಗುವ ರೊಟ್ಟಿ ಏಳು ಇಂಚು, ಮೂರು ಮಿಲಿಮೀಟರಿನ ಸನಿಹ ದಪ್ಪ. ಅದೇ ಉಂಡೆಯನ್ನು ಬಲ್ಲವರು ಬಡಿದರೆ ಒಂಬತ್ತು ಇಂಚಿಗೆ ಹೋಗುತ್ತದೆ. ಅತ್ತೆಯವರು “ಬಡದ ರೊಟ್ಟಿ ರುಚಿನ ಬ್ಯಾರೆ” ಅಂದರೆ ಒಪ್ಪಿಕೊಳ್ಳಿ, ಅವರ ಮಾತು ಖರೆ. ತೆಳ್ಳಗೆ ಬಡಿದು ಗರಿಗರಿಯಾಗಿ ಒಣಗಿಸುವ ಕಟಕ ರೊಟ್ಟಿಗೆ ಈ ಮಷಿನ್ ಆಗುವುದಿಲ್ಲ. ದಿನದ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಗೆ ಧಾರಾಳ ಆಗುತ್ತದೆ.

ಮಾರುವವರು ಹೇಳದ ಸಂಗತಿ ಒಂದಿದೆ: ಇದು ಒಬ್ಬರ ಮಷಿನ್ ಅಲ್ಲ. ಒತ್ತಿದ ರೊಟ್ಟಿ ಹಸಿ, ಒಂದರ ಮೇಲೊಂದು ಪೇರಿಸಿಟ್ಟರೆ ಅಂಟುತ್ತದೆ, ಕೂಡಲೇ ಹಂಚಿಗೆ ಹೋಗಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ಮಗುಚಬೇಕು. ಅರ್ಧ ನಿಮಿಷ ತಡವಾದರೆ ಮೇಲ್ಮೈ ಬಿರಿದು ಉಬ್ಬುವುದೇ ಇಲ್ಲ. ಮಷಿನಿನ ಮುಂದೆ ಹಾಳೆ ಸುಲಿಯುತ್ತಿರುವವರಿಗೆ ಆ ಕ್ಷಣ ತಪ್ಪಿಯೇ ತಪ್ಪುತ್ತದೆ. ಒಬ್ಬರು ಒತ್ತಿ ಒಬ್ಬರು ಸುಟ್ಟರೆ 20 ರೊಟ್ಟಿ ಮುಕ್ಕಾಲು ಗಂಟೆಯೊಳಗೆ ಆಗುತ್ತವೆ. ಹೆಂಡತಿಗೆ ಉಡುಗೊರೆ ಅಂತ ತಂದುಕೊಟ್ಟು ಟಿವಿ ಮುಂದೆ ಕುಂತರೆ, ಬಡಿಯಲು ಬಲ್ಲ ಆಕೆಗೆ ಇದರಿಂದ ಕೆಲಸ ಹೆಚ್ಚಾದೀತೇ ಹೊರತು ಕಡಿಮೆಯಾಗದು.

ಹಾಗಂತ ಒತ್ತಿಕೊಟ್ಟು ಎದ್ದುಹೋಗುವವರಿಗೂ ಪೂರ್ತಿ ಅಂಕ ಕೊಡಲಾಗದು. ಜೋಳ ಹಸನು ಮಾಡುವುದು, ಗಿರಣಿಗೆ ಒಯ್ಯುವುದು, ಎಸರಿಡುವುದು, ನಾದುವುದು, ಸುಡುವುದು, ಕೊನೆಗೆ ಪರಾತ-ಹಂಚು ತೊಳೆದು ಕಟ್ಟೆ ಒರೆಸುವುದು, ಇವೆಲ್ಲ ಮಷಿನಿನ ಹೊರಗೇ ಉಳಿಯುತ್ತವೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟಿದ್ದರೆ, ಗಂಡಸರು ಕೊಟ್ಟದ್ದು 97. ಆ 97 ಕೂಡ ಮನೆಗೆಲಸಕ್ಕೆ ಕೈ ಹಚ್ಚಿದ ಗಂಡಸರ ಲೆಕ್ಕ, ಅಂಥವರು ನೂರಕ್ಕೆ 26 ಮಂದಿ. ರೊಟ್ಟಿಯಲ್ಲಿ ಕಲಿಯದೆ ಬರದ ಕೆಲಸ ಬಡಿಯುವುದೊಂದೇ. ನಾದುವುದಕ್ಕೆ ತೋಳಿನ ಬಲ ಸಾಕು, ಹಂಚು ತಿಕ್ಕುವುದಕ್ಕೆ ಅದೂ ಬೇಡ.

ತಗೊಂಡರೆ ಇಡುವ ಜಾಗ ಮೊದಲು ನೋಡಿ. ಹಿಡಿಕೆ ಮೇಲೆತ್ತಲು ಕಟ್ಟೆಯ ಮೇಲೆ ಒಂದೂವರೆ ಅಡಿ ತೆರವು ಬೇಕು, ಕಟ್ಟೆಯ ಅಂಚಿಗೆ ಇಟ್ಟರೆ ಒತ್ತುವಾಗ ಮಗುಚುತ್ತದೆ, ಕೆಳಗೊಂದು ಒದ್ದೆ ಅರಿವೆ ಹಾಸಿ. ಭಾರದ ಸಾಮಾನು, ಅಟ್ಟಕ್ಕೆ ಹಾಕಿದರೆ ಮತ್ತೆ ಕೆಳಗಿಳಿಯುವುದು ಮನೆ ಬದಲಿಸುವಾಗಲೇ.