ಕರಾವಳಿಯ ಸಣ್ಣ ಮನೆಗೆ ಸೀಲಿಂಗ್ ಹೆಂಚು: ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಕುಮಟಾ, ಹೊನ್ನಾವರ, ಅಂಕೋಲಾ ಕಡೆಯ ಎಷ್ಟೋ ಹಳೆಯ ಹೆಂಚಿನ ಮನೆಗಳಲ್ಲಿ ಈಗ ಉಳಿದಿರುವುದು ಇಬ್ಬರೇ. ಮನೆ ಏಳೆಂಟು ಅಂಕಣ (ಕಂಬದಿಂದ ಕಂಬದವರೆಗಿನ ಒಂದೊಂದು ಪಾಲು), ದಿನಬಳಕೆಗೆ ಬೇಕಾಗುವುದು ಜಗುಲಿ, ಒಂದು ಕೋಣೆ, ಅಡುಗೆಮನೆ, ಬಚ್ಚಲು. ಇಂಥ ಮನೆ ಕೆಡವಿ ಸ್ಲ್ಯಾಬ್ ಹಾಕುವುದು, ಅದು ಸೋರತೊಡಗಿದ ಮೇಲೆ ಮತ್ತೆ ತಗಡು ಹೊದಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದರ ಬದಲು ಬಳಸುವ ಮೂರು ಅಂಕಣವನ್ನಷ್ಟೇ ಗಟ್ಟಿ ಮಾಡಿಕೊಂಡು, ಅದರ ಮಾಡಿಗೆ, ಮೇಲಿನ ಹೆಂಚಿನ ಅಡಿಯಲ್ಲಿ, ಸೀಲಿಂಗ್ ಹೆಂಚಿನ ಒಳಪದರ ಕೊಟ್ಟರೆ ಖರ್ಚೂ ಕಡಿಮೆ, ಮನೆಯೂ ತಂಪು. ಆದರೆ ಈ ಸಾಮಾನು ತಾನಾಗಿ ಕೆಲಸ ಮಾಡುವುದಿಲ್ಲ. ಕೂರಿಸುವ ಕೈ ತಪ್ಪಿದರೆ ಪಕಾಸು (ಮಾಡು ಹೊರುವ ಇಳಿಜಾರು ಮರ) ಕೊಳೆಯುತ್ತದೆ.

ತಂಪು ಬರುವುದು ಹೆಂಚಿನಿಂದಲ್ಲ, ಎರಡು ಹೆಂಚುಗಳ ನಡುವಿನ ಗಾಳಿಯಿಂದ. ಬಿಸಿಲಿಗೆ ಮೇಲುಹೆಂಚು ಕಾಯುತ್ತದೆ, ಅದರ ಕಾವು ನೇರವಾಗಿ ತಲೆಯ ಮೇಲೆ ಬೀಳದಂತೆ ಒಳಹೆಂಚು ತಡೆಯುತ್ತದೆ, ನಡುವೆ ಬಿಸಿಯಾದ ಗಾಳಿ ಸೂರಿನಿಂದ ನೆತ್ತಿಗೆ ಏರಿ ಹೊರಗೆ ಹೋಗುತ್ತದೆ. ಮೇಸ್ತ್ರಿಗಳು ಹೆಚ್ಚಾಗಿ ಕೆಡಿಸುವುದು ಇಲ್ಲೇ. ಇಲಿ, ಬಾವಲಿ ಬರುತ್ತವೆಂದು ಸೂರಿನ ಸಂದಿಗೂ ನೆತ್ತಿಯ ಸಂದಿಗೂ ಸಿಮೆಂಟು ತುಂಬಿಬಿಡುತ್ತಾರೆ. ಗಾಳಿ ನಿಂತಲ್ಲೇ ನಿಂತು ರಾತ್ರಿ ಒಂಬತ್ತಾದರೂ ಕೋಣೆ ಆರುವುದಿಲ್ಲ, ಮಳೆಗಾಲದಲ್ಲಿ ರೀಪಿಗೆ (ಹೆಂಚು ಕೂರುವ ಅಡ್ಡಪಟ್ಟಿಗೆ) ಬೂಷ್ಟು ಹಿಡಿಯುತ್ತದೆ. ಸಿಮೆಂಟಿನ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಜಾಳಿಗೆ ಹೊಡೆಸಿ. ಕಡಲಿನ ಹತ್ತಿರ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಜಾಳಿಗೆ ತುಕ್ಕು ಹಿಡಿದು ಉದುರುತ್ತದೆ, ನೈಲಾನನ್ನು ಇಲಿ ಕತ್ತರಿಸುತ್ತದೆ.

ಸೀಲಿಂಗ್ ಹೆಂಚಿನ ಅಳತೆ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ಹಾಗಾಗಿ ರೀಪು ಹೊಡೆಯುವ ಮೊದಲೇ ಎರಡೂ ಬಗೆಯ ಹೆಂಚು ಅಂಗಳಕ್ಕೆ ಬಂದಿರಬೇಕು. 12 ಮೇಲುಹೆಂಚನ್ನು ಒಂದಕ್ಕೊಂದು ಸಿಕ್ಕಿಸಿ ನೆಲದಲ್ಲಿ ಸಾಲಾಗಿ ಇಡಿ. ಒಮ್ಮೆ ಪೂರ್ತಿ ಎಳೆದು, ಒಮ್ಮೆ ಪೂರ್ತಿ ಒತ್ತಿ, ಮೊದಲನೆಯದರ ತಲೆಯಿಂದ ಕೊನೆಯದರ ತಲೆವರೆಗೆ ಅಳೆದು, ಎರಡರ ಸರಾಸರಿಯನ್ನು 11ರಿಂದ ಭಾಗಿಸಿದರೆ ರೀಪಿನ ಅಂತರ ಸಿಗುತ್ತದೆ. ಸಾಮಾನ್ಯವಾಗಿ ಅದು 12 ರಿಂದ 13 ಇಂಚಿನೊಳಗೆ ಬರುತ್ತದೆ. ಆ ಅಂತರಕ್ಕೆ ಕೂರುವ ಸೀಲಿಂಗ್ ಹೆಂಚನ್ನೇ ಕೊಳ್ಳಬೇಕು. ಅಂಗಡಿಯವರು ‘ಎಲ್ಲಾ ಒಂದೇ ಸೈಜು’ ಎಂದರೆ ನಂಬಬೇಡಿ.

ಮರದ ರೀಪಾದರೆ ಎರಡು ಪಟ್ಟಿ ಬೇಕು. ಕೆಳಗಿನದು 2 ಇಂಚು ಅಗಲ, ಅದರ ನಡುವಿಗೆ ಹೊಡೆಯುವ ಮೇಲಿನದು 1 ಇಂಚು ಅಗಲ. ಎರಡೂ ಬದಿ ಉಳಿಯುವ ಅರ್ಧ ಇಂಚಿನ ಅಂಚಿನ ಮೇಲೆ ಒಳಹೆಂಚು ಕೂರುತ್ತದೆ, ಮೇಲಿನ ಪಟ್ಟಿಗೆ ಮೇಲುಹೆಂಚು ಸಿಕ್ಕಿಕೊಳ್ಳುತ್ತದೆ. ಒಳಹೆಂಚು ಕೂತ ಮೇಲೂ ಮೇಲಿನ ಪಟ್ಟಿ ಒಂದು ಇಂಚಾದರೂ ಎತ್ತರ ಕಾಣಬೇಕು, ಗಾಳಿಗೆ ಇರುವುದು ಅಷ್ಟೇ ಜಾಗ. ಒರಲೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಈಗಲೂ ಒಳ್ಳೆಯದು, ಆದರೆ ಅದು ಕೈ ಸುಡುತ್ತದೆ, ಗವಸು ಇಲ್ಲದೆ ಮುಟ್ಟಬಾರದು. ಜಿ.ಐ. ಚೌಕ ಪೈಪಾದರೆ ದಪ್ಪ 2 ಮಿ.ಮೀ.ಗೆ ಇಳಿಯಬಾರದು. ವೆಲ್ಡಿಂಗ್ ಮಾಡಿದಲ್ಲಿ ಸತುವಿನ ಲೇಪ ಸುಟ್ಟುಹೋಗಿರುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಅಲ್ಲಿಗೆ ಜಿಂಕ್ ಪ್ರೈಮರ್ ಬಳಿಸಿ, ಪೈಪಿನ ತುದಿಗಳನ್ನು ಮುಚ್ಚಿಸಿ.

ಲೆಕ್ಕ ಹೀಗೆ. ಇಳಿಜಾರು 30 ಡಿಗ್ರಿ, ಅಂದರೆ ಅಡಿಗೆ 7 ಇಂಚು ಏರಿಕೆ. ಸೂರು ಸೇರಿ ನೆಲದ ಅಳತೆ 600 ಚದರಡಿ ಇದ್ದರೆ ಮಾಡಿನ ಮೈ ಸುಮಾರು 690 ಚದರಡಿ. ನೂರು ಚದರಡಿಗೆ ಸುಮಾರು 140 ಮಂಗಳೂರು ಹೆಂಚು, ಒಡಕಿಗೆ ನೂರಕ್ಕೆ ಐದು ಸೇರಿಸಿದರೆ ಸಾವಿರದ ಆಸುಪಾಸು. ಮೇಲುಹೆಂಚಿನ ಭಾರವೇ ಚದರ ಮೀಟರಿಗೆ 40 ಕಿಲೋದಷ್ಟು, ಮಳೆ ನೀರು ಕುಡಿದರೆ ಇನ್ನೂ ಜಾಸ್ತಿ. ಒಳಹೆಂಚಿನ ಭಾರ ಇದರ ಮೇಲೆ. ಆದ್ದರಿಂದ ಹಳೆಯ ಪಕಾಸು ಗೋಡೆಯ ಮೇಲೆ ಕೂತ ತುದಿಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡದೆ ಆರ್ಡರ್ ಕೊಡಬೇಡಿ. ಒಳಗೆ ಇಳಿದರೆ ಆ ಪಕಾಸು ಬದಲಾಗಬೇಕು.

ಹಳೆಯ ಹೆಂಚು ಗಟ್ಟಿಯಿದ್ದರೆ ಎಸೆಯಬೇಡಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1865ರಲ್ಲಿ ಶುರು ಮಾಡಿದ ಬಗೆಯ ಹೆಂಚು ಇದು, ತಟ್ಟಿದರೆ ಇನ್ನೂ ಕಂಚಿನಂತೆ ನುಡಿಯುವವು ಎಷ್ಟೋ ಇವೆ. ಆದರೆ ಹೊಸದರ ಜೊತೆ ಕಲೆಸಬಾರದು, ಕಚ್ಚು ಹೊಂದದೆ ನೀರು ಒಳಗೆ ಬರುತ್ತದೆ. ಹಳೆಯದೆಲ್ಲ ಒಂದು ಇಳಿಜಾರಿಗೆ, ಹೊಸದು ಇನ್ನೊಂದಕ್ಕೆ. ಸೂರಿನ ಎರಡು ಸಾಲು ಮತ್ತು ಪಕ್ಕದ ಅಂಚುಗಳನ್ನು ತಾಮ್ರದ ತಂತಿಯಿಂದ ರೀಪಿಗೆ ಕಟ್ಟಿಸಿ. ಒಂದು ಮಾತು ನೆನಪಿರಲಿ: ಒಳಹೆಂಚು ಸೋರಿಕೆ ನಿಲ್ಲಿಸುವುದಿಲ್ಲ, ಅಡಗಿಸುತ್ತದೆ. ಹನಿ ಕೆಳಗೆ ಬೀಳದೆ ರೀಪಿನಲ್ಲೇ ನಿಂತು ಮರ ತಿನ್ನುತ್ತದೆ. ಹಾಗಾಗಿ ಮೊದಲ ದೊಡ್ಡ ಮಳೆಯ ಮಾರನೇ ದಿನ ಪ್ರತಿ ಅಂಕಣದಲ್ಲೂ ನಾಲ್ಕಾರು ಒಳಹೆಂಚು ಎತ್ತಿ ನೋಡಬೇಕು. ಸಂದಿಗಳಿಗೆ ಬಿಳಿ ಸಿಮೆಂಟು ತುಂಬಿಸಿದ್ದರೆ ಎತ್ತಲು ಬರುವುದಿಲ್ಲ, ಅದೂ ಒಂದು ವರ್ಷದಲ್ಲಿ ಬಿರಿಯುತ್ತದೆ.

ಎಲ್ಲ ಕಡೆ ಇದು ಬೇಡ. ಮೇಲೆ ಮಣ್ಣು ಹಾಕಿದ ಹಲಗೆಯ ಮೆತ್ತು (ಅಟ್ಟ) ಇರುವ ಕೋಣೆ ಈಗಾಗಲೇ ತಂಪಾಗಿರುತ್ತದೆ, ಅಲ್ಲಿ ದುಡ್ಡು ದಂಡ. ಒಲೆ ಉರಿಯುವ ಅಡುಗೆಮನೆಗೂ ಬೇಡ, ಹೊಗೆ ಹೋಗಲು ಬರಿಯ ಹೆಂಚೇ ಒಳ್ಳೆಯದು. ಎ.ಸಿ. ಹಾಕುವ ಯೋಚನೆ ಇದ್ದರೆ ಸಂದಿಯಿರುವ ಈ ಮಾಡು ತಂಪನ್ನು ಹಿಡಿದಿಡುವುದಿಲ್ಲ, ಆ ಒಂದು ಕೋಣೆಗೆ ಮುಚ್ಚಿದ ಸೀಲಿಂಗ್ ಬೇಕು. ಉಳಿದಂತೆ ಒಂದು ಬಿ.ಎಲ್.ಡಿ.ಸಿ. (ಕಡಿಮೆ ಕರೆಂಟು ಎಳೆಯುವ, ಬ್ರಷ್ ಇಲ್ಲದ ಮೋಟಾರಿನ) ಫ್ಯಾನು ಸಾಕು. ಹಳೆಯ ಫ್ಯಾನಿನ 75 ವ್ಯಾಟಿನ ಜಾಗದಲ್ಲಿ ಅದು 30 ವ್ಯಾಟ್ ಎಳೆಯುತ್ತದೆ, ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಮೇ ತಿಂಗಳ ಗುಡುಗಿಗೆ ಅದರ ಸರ್ಕಿಟ್ ಸುಡಬಹುದು, ಸಿಡಿಲಿನ ಹೊತ್ತಿಗೆ ಮೇನ್ ಆಫ್ ಮಾಡಿಡಿ.

ಬೆಳಕಿಗೆ ಕೋಣೆಗೆರಡು ಗಾಜಿನ ಹೆಂಚು, ಉತ್ತರದ ಇಳಿಜಾರಿನಲ್ಲಿ ಮಾತ್ರ. ಅದರ ಕೆಳಗೆ ಸೀಲಿಂಗ್ ಹೆಂಚಿನ ಬದಲು ಅದೇ ಅಳತೆಗೆ ಕತ್ತರಿಸಿದ ಗಾಜು ಕೂರಿಸಬೇಕು, ಇದನ್ನು ಮೊದಲೇ ಹೇಳದಿದ್ದರೆ ಮೇಸ್ತ್ರಿ ಅಲ್ಲಿ ತೂತು ಬಿಟ್ಟು ಹೋಗುತ್ತಾನೆ. ಕೆಲಸ ಡಿಸೆಂಬರಿನಲ್ಲಿ ಹಿಡಿದು ಏಪ್ರಿಲ್ ಕೊನೆಗೆ ಮುಗಿಸಿ, 50 ಹೆಂಚನ್ನು ಕೊಟ್ಟಿಗೆಯ ಮೂಲೆಯಲ್ಲಿ ಉಳಿಸಿಕೊಳ್ಳಿ. ಶಿರಸಿ, ಸಿದ್ದಾಪುರ ಕಡೆ ಮಂಗನ ಕಾಟ ಇರುವವರು ನೂರು ಇಟ್ಟುಕೊಂಡರೂ ಹೆಚ್ಚಾಗಲಿಕ್ಕಿಲ್ಲ.