ಆ ಕಂಪಾಸ್ ನಕಲಿ ಆಗಿದ್ದರೇ ಚೆನ್ನಾಗಿತ್ತು

ಹಳೆ ಯುದ್ಧವಿಮಾನಗಳ ಸಾಮಾನು ಕೂಡಿಡುವ ಹುಚ್ಚು ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೀಟರು, ಕಂಪಾಸು, ಗಡಿಯಾರ, ಏನೇ ಕೈಗೆ ಸಿಕ್ಕರೂ ಗಾಜು ಬಿಚ್ಚಬೇಡಿ. ನಾನು ಬಿಚ್ಚಿದೆ. ಅದೂ ಊಟದ ಟೇಬಲ್ ಮೇಲೆ.

ಬೆಳಗಾವಿಯಲ್ಲಿ ನಾವು ನಾಲ್ಕೈದು ಮಂದಿ ಇದ್ದೇವೆ. ಭಾನುವಾರ ಬೆಳಿಗ್ಗೆ ಟಿಳಕವಾಡಿಯಲ್ಲಿ ಗೆಳೆಯನ ಮನೆ ಕಟ್ಟೆ ಮೇಲೆ ಕೂತರೆ ಚಹಾ ಆರಿದರೂ ಮಾತು ಮುಗಿಯುವುದಿಲ್ಲ. ಪಕ್ಕದಲ್ಲೇ ಸಾಂಬ್ರಾ ಇಟ್ಟುಕೊಂಡು ಈ ಹುಚ್ಚು ಹಿಡಿಯದೆ ಇರುತ್ತದಾ? 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ವಿಮಾನ ನಿಲ್ದಾಣ ಅದು. ಗೋವಾ ಬಿಡಿಸುವಾಗ, 1961ರ ಡಿಸೆಂಬರ್ 18ರಂದು, ಹಂಟರ್ ವಿಮಾನಗಳು ಅಲ್ಲಿಂದಲೇ ಎದ್ದು ಬಾಂಬೋಲಿಯ ವೈರ್‌ಲೆಸ್ ಕೇಂದ್ರಕ್ಕೆ ಹೊಡೆದವು. ದಾಬೋಲಿಯ ರನ್‌ವೇ ಮೇಲೆ ಬಾಂಬು ಹಾಕಿದ ಕ್ಯಾನ್‌ಬೆರಾ ವಿಮಾನಗಳು ಮಾತ್ರ ಪುಣೆಯಿಂದ ಬಂದವು. ನಮ್ಮಲ್ಲಿ ಒಬ್ಬರು ಇದನ್ನು ಇವತ್ತಿಗೂ ಒಪ್ಪುವುದಿಲ್ಲ. ಅವೂ ನಮ್ಮ ಸಾಂಬ್ರಾದವೇ ಎಂದು ಜಗಳಕ್ಕೆ ಬರುತ್ತಾರೆ. ಇರಲಿ.

ಹೋದ ಚಳಿಗಾಲದಲ್ಲಿ ಒಬ್ಬ ಗುಜರಿ ವ್ಯಾಪಾರಿ ಫೋನ್ ಮಾಡಿದ. "ಸರ, ನಿಮ್ಮ ಇಮಾನದ ಸಾಮಾನ ಬಂದೈತ್ರಿ. ಸಾಂಬ್ರಾ ಮಾಲ್. ಬ್ರಿಟಿಷರು ಬಿಟ್ಟ ಹೋಗಿದ್ದು." ನಮ್ಮೂರ ಗುಜರಿಯಲ್ಲಿ ತುಕ್ಕು ಹಿಡಿದ ಬಕೆಟ್ಟೂ ಸಾಂಬ್ರಾ ಮಾಲೇ. ಹಾಗಾಗಿ ನಂಬದೆಯೇ ಹೋದೆ. ನೋಡಿದರೆ ಪಿ-8 ಕಂಪಾಸ್! ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್, ಹರಿಕೇನ್ ಎರಡರಲ್ಲೂ ಇರುತ್ತಿದ್ದದ್ದು. ಮುಂದೆ ನಮ್ಮ ವಾಯುಪಡೆಯ ಮುಖ್ಯಸ್ಥರಾದ ಅರ್ಜನ್ ಸಿಂಗ್ 1944ರಲ್ಲಿ ಇಂಫಾಲದಲ್ಲಿ ಹಾರಿಸಿದ್ದು ಹರಿಕೇನೇ ಅಲ್ವಾ? ಬಟ್ಟಲಿನಂಥ ಕಂಪಾಸು, ಒಳಗೆ ಸ್ಪಿರಿಟ್, ಅದರಲ್ಲಿ ತೇಲುವ ಮುಳ್ಳು. ಪೈಲಟ್ ಮೇಲಿನ ಬಳೆಯನ್ನು ಹೋಗಬೇಕಾದ ದಿಕ್ಕಿಗೆ ತಿರುಗಿಸಿ ಬಿಗಿ ಮಾಡುತ್ತಾನೆ. ಆಮೇಲೆ ಬಳೆಯ ಗೆರೆಗೆ ಮುಳ್ಳು ಸಮವಾಗಿ ನಿಲ್ಲುವ ಹಾಗೆ ವಿಮಾನ ನಡೆಸಿದರೆ ಸಾಕು. ರಾತ್ರಿಯೂ ಕಾಣಲಿ ಎಂದು ಮುಳ್ಳಿಗೂ ಗೆರೆಗೂ ಹೊಳೆಯುವ ಬಣ್ಣ ಬಳಿದಿರುತ್ತಾರೆ.

ನನಗೆ ಇದ್ದ ಭಯ ಒಂದೇ, ನಕಲಿ ಮಾಲಿನದು. ಅದಕ್ಕೆ ಬೂತಗನ್ನಡಿ ಒಯ್ದಿದ್ದೆ. ಕಿರೀಟ, ಅದರ ಕೆಳಗೆ ಎ.ಎಂ. (ಬ್ರಿಟನ್ನಿನ ಏರ್ ಮಿನಿಸ್ಟ್ರಿ) ಅಕ್ಷರ, ಪಕ್ಕದಲ್ಲಿ 6ಎ/726 ನಂಬರು, ಎಲ್ಲ ಸರಿಯಿತ್ತು. ಸ್ಪಿರಿಟ್ ಅರ್ಧ ಸೋರಿ ದೊಡ್ಡ ಗುಳ್ಳೆ ನಿಂತಿತ್ತು. ಮುಳ್ಳಿನ ಬಣ್ಣ ಕಂದಾಗಿತ್ತು. ಲೈಟ್ ಆರಿಸಿ ನೋಡಿದೆವು, ಒಂಚೂರೂ ಹೊಳೆಯಲಿಲ್ಲ. "ಇದರ ಬೆಳಕ ಸತ್ತೈತ್ರಿ. ಕೆರದು ಹೊಸಾ ಬಣ್ಣ ಹಚ್ಚರಿ, ಫಸ್ಟ್ ಕ್ಲಾಸ್ ಆಗ್ತೈತಿ" ಅಂದ. 14 ಸಾವಿರ ಕೊಟ್ಟು ತಂದೆ.

ಭಾನುವಾರ ಮಧ್ಯಾಹ್ನ ಸ್ಕ್ರೂ ಬಿಚ್ಚಿದೆ. ಉಳಿದಿದ್ದ ಸ್ಪಿರಿಟನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ತಳದಲ್ಲಿ ಕಂದು ಚೂರು ಕೂತಿತ್ತು. ಬ್ಲೇಡಿನಿಂದ ಮುಳ್ಳನ್ನು ಕೆರೆದೆ, ಪುಡಿ ಉದುರಿತು, ಉಫ್ ಎಂದು ಊದಿದೆ. ಅಷ್ಟರಲ್ಲಿ ಮನೆಯವರು ಚುರುಮುರಿ ತಂದಿಟ್ಟರು. ಅದೇ ಕೈಯಲ್ಲಿ ತಿಂದೆ.

ಫೋಟೋ ತೆಗೆದು ಗೆಳೆಯರಿಗೆ ಕಳಿಸಿದ ಎರಡೇ ನಿಮಿಷಕ್ಕೆ ಒಬ್ಬನ ಫೋನು. "ಲೇ, ಅದು ರೇಡಿಯಂ. ಮೊದಲ ಕೈ ತೊಳಿ."

ನಾನು ನಕ್ಕೆ. ನಮ್ಮ ಕಡೆ ರೇಡಿಯಂ ಅಂದರೇನು? ಗಾಡಿಯ ನಂಬರ್ ಪ್ಲೇಟಿಗೆ ಅಂಟಿಸುವ ಸ್ಟಿಕ್ಕರ್. ಗಲ್ಲಿಗೊಂದು ರೇಡಿಯಂ ಕಟಿಂಗ್ ಅಂಗಡಿ ಇದೆ. ಆ ಸ್ಟಿಕ್ಕರಿನಲ್ಲಿ ರೇಡಿಯಂ ಇಲ್ಲ, ಬರೀ ಹೆಸರು ಉಳಿದಿದೆ. ನನ್ನ ಟೇಬಲ್ ಮೇಲೆ ಇದ್ದದ್ದು ನಿಜವಾದದ್ದು.

ಆಗಿನ ಬಣ್ಣದಲ್ಲಿ ಎರಡು ವಸ್ತು ಇರುತ್ತವೆ. ಒಂದು ರೇಡಿಯಂ, ಇನ್ನೊಂದು ಸತುವಿನ ಸಲ್ಫೈಡ್. ರೇಡಿಯಂನಿಂದ ಹೊರಡುವ ಕಣಗಳು ಬಡಿದು ಸಲ್ಫೈಡ್ ಹೊಳೆಯುತ್ತದೆ. ಬಡಿಸಿಕೊಂಡು ಬಡಿಸಿಕೊಂಡು ಕೆಲವು ವರ್ಷದಲ್ಲಿ ಸಲ್ಫೈಡ್ ಸತ್ತುಹೋಗುತ್ತದೆ. ರೇಡಿಯಂ ಎಲ್ಲಿ ಸಾಯುತ್ತದೆ? ಅದು ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಅಂದರೆ ಯುದ್ಧದ ಕಾಲದಲ್ಲಿ ಎಷ್ಟಿತ್ತೋ ಹೆಚ್ಚುಕಡಿಮೆ ಈಗಲೂ ಅಷ್ಟೇ ಇದೆ. ಬೆಳಕು ಇಲ್ಲ ಅಂತ ನಾನು ಧೈರ್ಯವಾಗಿ ಕೆರೆದದ್ದು ಇದನ್ನು. ಗಾಜಿನೊಳಗೆ ಇದ್ದರೆ ಅಷ್ಟು ಭಯವಿಲ್ಲ. ಪುಡಿಯಾಗಿ ಮೂಗು ಬಾಯಿಗೆ ಹೋದರೆ ದೇಹ ಅದನ್ನು ಸುಣ್ಣದಂಶ ಅಂದುಕೊಂಡು ಮೂಳೆಯಲ್ಲಿ ಇಟ್ಟುಕೊಳ್ಳುತ್ತದೆ. ಅಮೆರಿಕದಲ್ಲಿ ಗಡಿಯಾರಕ್ಕೆ ಈ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳಲ್ಲಿ ಹಲವರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ ಮಾಡಿ, 1920ರ ದಶಕದಲ್ಲಿ ದವಡೆ ಕೊಳೆತು ಸತ್ತರು. ಸ್ಕಾಟ್ಲೆಂಡಿನ ಡಾಲ್ಗೆಟಿ ಬೇಯಲ್ಲಿ ಯುದ್ಧ ಮುಗಿದ ಮೇಲೆ ವಿಮಾನದ ಮೀಟರುಗಳನ್ನು ಸುಟ್ಟು ಬೂದಿಯನ್ನು ದಂಡೆಗೆ ಸುರಿದಿದ್ದರು. 1990ರಲ್ಲಿ ಅದೇ ದಂಡೆಯಲ್ಲಿ ವಿಕಿರಣ ಸಿಕ್ಕಿತು. ಇದೆಲ್ಲ ನಾನು ಓದಿದ್ದು ಆ ರಾತ್ರಿ, ನಿದ್ದೆ ಬರದೆ. ಮೊದಲೇ ಓದಬಹುದಿತ್ತು. ಇಪ್ಪತ್ತು ವರ್ಷ ಇಂಜಿನ್ನು, ಸ್ಕ್ವಾಡ್ರನ್ ನಂಬರು ಬಾಯಿಪಾಠ ಮಾಡಿದವನಿಗೆ ಮುಳ್ಳಿನ ಬಣ್ಣ ಏನು ಅಂತ ಕೇಳಬೇಕು ಅನ್ನಿಸಲೇ ಇಲ್ಲ.

ಗೆಳೆಯನಿಗೆ ಗುರುತಿನವರೊಬ್ಬರು ಆಸ್ಪತ್ರೆಯಲ್ಲಿ ವಿಕಿರಣ ಸುರಕ್ಷತೆ ನೋಡಿಕೊಳ್ಳುತ್ತಾರೆ. ಮರುದಿನ ವಿಕಿರಣ ಅಳೆಯುವ ಮೀಟರ್ ಹಿಡಿದು ಬಂದರು. ಟೇಬಲ್ ಹತ್ತಿರ ಅದು ಕಟಕಟ ಎಂದಿತು. ಲೋಟದ ಹತ್ತಿರ ಇನ್ನೂ ಜೋರು. ನನ್ನ ಅಂಗಿಯ ತೋಳಿಗೂ ಬಿಡಲಿಲ್ಲ. ಕಸಬರಿಗೆ ಮುಟ್ಟಬೇಡಿ, ವ್ಯಾಕ್ಯೂಮ್ ಅಂತೂ ಬೇಡವೇ ಬೇಡ, ಪುಡಿ ಮನೆಯೆಲ್ಲ ಹಾರುತ್ತದೆ ಎಂದರು. ಗ್ಲೌಸ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ, ಲೋಟ, ಅಂಗಿ, ಕಂಪಾಸು ಎಲ್ಲವನ್ನೂ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಬ್ಬಿಗೆ ಹಾಕಿಸಿದರು. ಮನೆಯಲ್ಲಿ ಸಿಕ್ಕ ತಗಡಿನ ಡಬ್ಬಿ ಕುಂದಾದ್ದು. ಒಳಗೆಷ್ಟು ಹೋಗಿರಬಹುದು ಎಂದು ಕೇಳಿದೆ. ಬಹುಶಃ ಬಹಳ ಕಡಿಮೆ, ಆದರೆ ಲೆಕ್ಕ ಹೇಳುವುದು ಕಷ್ಟ ಎಂದರು.

ಕಸದ ಗಾಡಿಗೆ ಹಾಕುವಂತಿಲ್ಲ, ಗುಜರಿಗೆ ವಾಪಸ್ ಕೊಡುವಂತೆಯೂ ಇಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಸಿಕ್ಕು ಒಬ್ಬರು ತೀರಿಕೊಂಡದ್ದು ನೆನಪಿರಬೇಕು. ಅದು ಬಹಳ ದೊಡ್ಡ ಪ್ರಮಾಣದ್ದು, ನನ್ನದು ಅದರ ಮುಂದೆ ಏನೂ ಅಲ್ಲ. ಆದರೂ ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆದಿದ್ದೇನೆ. ಉತ್ತರ ಬರುವ ತನಕ ಡಬ್ಬಿ ಛತ್ತಿನ ಮೇಲಿನ ಕೋಣೆಯಲ್ಲಿ, ಕಿಟಕಿ ತೆರೆದು. ರೇಡಿಯಂನಿಂದ ರೇಡಾನ್ ಅನಿಲ ಬರುತ್ತದಂತೆ, ಮುಚ್ಚಿದ ಕೋಣೆಯಲ್ಲಿ ಇಡಬಾರದು.

ವ್ಯಾಪಾರಿಯ ಹತ್ತಿರ ಹೋಗಿ ಕೂಗಾಡಿದೆ. ಅವನು ತಣ್ಣಗೆ ಅಂದ: "ನಾ ಏನ್ ಸುಳ್ಳ ಹೇಳೀನ್ರಿ ಸರ? ಅಸಲಿ ಅಂದಿದ್ದೆ. ಅಸಲಿನೇ ಐತಲ್ರಿ."

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಆದರೆ ಅವನಿಗೆ ಕಂಪಾಸ್ ಬಂದ ಚೀಲದಲ್ಲಿ ವಿಮಾನದ ಇನ್ನೂ ಎರಡು ಮೀಟರ್ ಇದ್ದವಂತೆ. ನಾನು ಹೋಗುವ ಮುಂಚೆಯೇ ಒಬ್ಬ ಕಾಲೇಜ್ ಹುಡುಗ ಒಯ್ದಿದ್ದಾನೆ. ಹೆಸರು ಗೊತ್ತಿಲ್ಲ, ಬೈಕಿನಲ್ಲಿ ಬಂದಿದ್ದ ಅಂತ ಅಷ್ಟೇ. ತಮ್ಮಾ, ಇದು ನಿನ್ನ ಕಣ್ಣಿಗೆ ಬಿದ್ದರೆ ಸ್ಕ್ರೂಡ್ರೈವರ್ ಕೆಳಗಿಡು. ಮಲಗುವ ಕೋಣೆಯಲ್ಲಿ ಇಟ್ಟಿದ್ದರೆ ಮೊದಲು ಅಲ್ಲಿಂದ ತೆಗೆ. ಅವನ ಪರಿಚಯ ಇರುವವರು ದಯವಿಟ್ಟು ಅವನಿಗೆ ಇದನ್ನು ಮುಟ್ಟಿಸಿ.